ರಫೂ ಅಕ್ಕನ ಒಪ್ಪವಾದ ಕೋಣೆ

ರಫೂ ಅಕ್ಕ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಅವಳ ಕೆಲಸವನ್ನು ಮಾತ್ರ ಕಂಡವರಿಲ್ಲ. ಕಾಣಬಾರದು, ಅದೇ ಆ ಕಸುಬಿನ ಹೆಚ್ಚುಗಾರಿಕೆ. ಒಳ್ಳೆಯ ಕೋಟಿಗೆ ಸಿಗರೇಟಿನ ಕಿಡಿ ಬಿದ್ದು ತೂತಾಗಿದೆ ಎನ್ನಿ, ಉಣ್ಣೆಯ ಶಾಲನ್ನು ಇಲಿ ಕಚ್ಚಿದೆ ಎನ್ನಿ. ಅವಳು ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ಕೂದಲಿನಷ್ಟು ಸಣ್ಣ ಸೂಜಿಯಲ್ಲಿ ಒಂದೆಳೆ ಮೇಲೆ ಒಂದೆಳೆ ಕೆಳಗೆ ಎಂದು ನೇಯುತ್ತ ಹೋಗಿ, ಹೆಬ್ಬೆರಳ ಉಗುರಿನಿಂದ ತೀಡಿ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದಳೆಂದರೆ, ತೂತು ಎಲ್ಲಿತ್ತು ಎಂದು ತೂತು ಮಾಡಿದವನಿಗೂ ತಿಳಿಯುತ್ತಿರಲಿಲ್ಲ. ತೇಪೆ ಹಾಕುವವರು ಬೇರೆ, ರಫೂ ಮಾಡುವವರು ಬೇರೆ. ತೇಪೆ ಎಂದರೆ ಹರಿದಿದೆ ಎಂದು ಒಪ್ಪಿಕೊಂಡ ಹಾಗೆ. ರಫೂ ಎಂದರೆ ಹರಿದೇ ಇರಲಿಲ್ಲ ಎಂದು ಸಾಧಿಸಿದ ಹಾಗೆ.

ಇದರಿಂದ ಒಮ್ಮೆ ಜಗಳವೂ ಆಗಿತ್ತು. ವಕೀಲರೊಬ್ಬರು ತಮ್ಮ ಕರಿ ಕೋಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ನನ್ನದಲ್ಲ, ನನ್ನ ಕೋಟಲ್ಲಿ ತೂತಿತ್ತು" ಎಂದು ಅಂಗಡಿಯಲ್ಲಿ ಕೂಗಾಡಿದ್ದರು. ಅಂದಿನಿಂದ ಅವಳು ರಫೂ ಮಾಡಿದ ಜಾಗಕ್ಕೆ ಒಂದು ಕೆಂಪು ದಾರ ಕಟ್ಟಿ ಕೊಡತೊಡಗಿದಳು. ಗಿರಾಕಿ ನೋಡಿ, ತಲೆದೂಗಿ, ದಾರ ಕಿತ್ತೆಸೆದು ಹೋಗುತ್ತಿದ್ದ. ದಾರ ಕಿತ್ತ ಮೇಲೆ ಅವಳು ಅಲ್ಲಿ ಕೈಯಾಡಿಸಿದ್ದಳು ಎನ್ನುವುದಕ್ಕೆ ಸಾಕ್ಷಿ ಏನೂ ಉಳಿಯುತ್ತಿರಲಿಲ್ಲ.

ಅವಳು ಕೂರುತ್ತಿದ್ದದ್ದು ಡ್ರೈಕ್ಲೀನಿಂಗ್ ಅಂಗಡಿಯ ಮಹಡಿ ಮೆಟ್ಟಿಲ ಕೆಳಗಿನ ಸಂದಿಯಲ್ಲಿ. ಒಂದು ಗಿಡ್ಡ ಸ್ಟೂಲು, ಬಗ್ಗಿಸಿ ಎಳೆದುಕೊಳ್ಳುವ ಒಂದು ದೀಪ, ಸೂಜಿಗಳಿದ್ದ ಒಂದು ಬಿಸ್ಕತ್ತಿನ ಡಬ್ಬಿ. ತಲೆ ಎತ್ತಿದರೆ ಮೆಟ್ಟಿಲು ಬಡಿಯುತ್ತಿತ್ತು. ಹಾಗಾಗಿ ತಲೆ ಎತ್ತದೆಯೇ ನಲವತ್ತು ವರ್ಷ ಕಳೆದಳು. ಹದಿನೇಳಕ್ಕೆ ಕೂತವಳು ಐವತ್ತೇಳಕ್ಕೆ ಎದ್ದಳು. ಎದ್ದದ್ದು ಕೂಡ ಮನಸ್ಸಿನಿಂದಲ್ಲ, ಕಣ್ಣು ಎಬ್ಬಿಸಿತು.

ಹದಿನೇಳಕ್ಕೆ ಕೂರಲು ಕಾರಣ ತಮ್ಮ. ಅಪ್ಪ ಮೊದಲೇ ಇರಲಿಲ್ಲ. ಅಮ್ಮ ಆಸ್ಪತ್ರೆಯ ಹಾಸಿಗೆಯಲ್ಲಿ ಎರಡೇ ಮಾತು ಹೇಳಿ ಹೋದಳು: ತಮ್ಮನನ್ನು ದಡ ಮುಟ್ಟಿಸು, ಯಾರ ಮುಂದೆಯೂ ಕೈ ಚಾಚಬೇಡ. ಸಾಯುವವರು ಹೀಗೆ ಸುಲಭವಾಗಿ ಹೇಳಿಬಿಡುತ್ತಾರೆ. ಇರುವವರು ಅದನ್ನು ಹೊತ್ತು ತಿರುಗಬೇಕು. ತಮ್ಮನಿಗೆ ಆಗ ಒಂಬತ್ತು. ಅವನು ಬುದ್ಧಿವಂತ, ಸರ್ಕಾರಿ ಶಾಲೆಯಲ್ಲಿ ಓದಿದ, ಸರ್ಕಾರಿ ಹಾಸ್ಟೆಲಿನಲ್ಲಿ ಉಂಡ. ಪ್ರತಿ ವರ್ಷ ಹಾಸ್ಟೆಲಿನ ಅರ್ಜಿಯಲ್ಲಿ "ಗತಿಯಿಲ್ಲದ ಕುಟುಂಬ" ಎಂದು ತನ್ನ ಕೈಯಾರೆ ಬರೆದು ಸಹಿ ಹಾಕಿದವಳು ಅಕ್ಕ. ಅದು ಅವಳಿಗೆ ಕೈ ಚಾಚಿದ್ದೆಂದು ಅನ್ನಿಸಲೇ ಇಲ್ಲ. ತಮ್ಮನಿಗಾಗಿ ಬೇಡಿದ್ದು ಬೇಡಿದ್ದಲ್ಲ ಎನ್ನುವುದು ಅವಳ ಶಾಸ್ತ್ರ.

ತಮ್ಮ ದಡ ಮುಟ್ಟಿದ. ಮುಟ್ಟಿದ್ದಷ್ಟೇ ಅಲ್ಲ, ದಡದ ಮೇಲೆ ಎರಡಂತಸ್ತಿನ ಮನೆ ಕಟ್ಟಿದ. ಊರಿನ ಆ ತುದಿಯ ಬಣ್ಣದ ಕಾರ್ಖಾನೆಯಲ್ಲಿ ಈಗ ದೊಡ್ಡ ಅಧಿಕಾರಿ. ವರ್ಷಕ್ಕೆ ನಾಲ್ಕು ಸಲ ಕಾಲೇಜುಗಳಿಗೆ ಹೋಗಿ ಹುಡುಗರಿಗೆ ಭಾಷಣ ಮಾಡುತ್ತಾನೆ. "ನಾನು ಬೀದಿ ದೀಪದ ಕೆಳಗೆ ಓದಿದವನು. ಯಾರ ಹಂಗೂ ಇಲ್ಲದೆ ನನ್ನ ಕಾಲ ಮೇಲೆ ನಾನು ನಿಂತೆ. ಕೈ ಕೆಸರಾದರೆ ಬಾಯಿ ಮೊಸರು!" ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಕೆಸರಾದ ಕೈ ಒಬ್ಬರದು, ಮೊಸರುಂಡ ಬಾಯಿ ಇನ್ನೊಬ್ಬರದು ಎಂದು ಅಲ್ಲಿ ಎದ್ದು ನಿಂತು ಹೇಳುವವರು ಯಾರು? ಬೀದಿ ದೀಪವನ್ನು ಉರಿಸಿದ್ದು ಯಾರ ದುಡ್ಡು ಎಂದು ಕೇಳುವವರೂ ಇಲ್ಲ. ಅಕ್ಕನಂತೂ ಕೇಳುವವಳಲ್ಲ. ಅಂಥ ಒಂದು ಭಾಷಣ ಪತ್ರಿಕೆಯಲ್ಲಿ ಬಂದಾಗ, ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡವಳು ಅವಳು.

ಕಣ್ಣು ಕೈಕೊಡತೊಡಗಿದಾಗ ಮೊದಮೊದಲು ಅವಳಿಗೆ ಬೆಳಕೇ ಸಾಲದು ಅನ್ನಿಸಿತು. ದೀಪ ಬದಲಾಯಿಸಿದಳು. ಆಮೇಲೆ ಪಕ್ಕದಿಂದ ಬಂದವರು ಆಕಾಶದಿಂದ ಉದುರಿದವರ ಹಾಗೆ ಇದ್ದಕ್ಕಿದ್ದಂತೆ ಎದುರು ನಿಲ್ಲತೊಡಗಿದರು. ಬೀದಿಯಲ್ಲಿ ಸೈಕಲ್ಲಿಗೆ ಡಿಕ್ಕಿ ಹೊಡೆದಳು, ಬೈಸಿಕೊಂಡಳು. ಕೊನೆಗೊಂದು ದಿನ ಅಂಗಡಿಯ ಯಜಮಾನರು ಒಂದು ಕೋಟನ್ನು ತಂದು ಅವಳ ಮಡಿಲಲ್ಲಿಟ್ಟು, "ಏನಕ್ಕ ಇದು, ರಫೂ ಕಾಣ್ತಾ ಇದೆಯಲ್ಲ" ಎಂದರು. ಅವರು ಮೆಲ್ಲಗೇ ಹೇಳಿದ್ದು. ಆದರೂ ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಸರ್ಕಾರಿ ಆಸ್ಪತ್ರೆಯ ಕಣ್ಣಿನ ಡಾಕ್ಟರು ಯಂತ್ರದೊಳಗಿಂದ ನೋಡಿ, ನಿಟ್ಟುಸಿರು ಬಿಟ್ಟು, "ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ ಅಮ್ಮ. ಹೋದದ್ದು ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಣ" ಎಂದರು. ದಿನಕ್ಕೆರಡು ಸಲ ಹನಿ ಬಿಡಬೇಕು, ಒಂದು ದಿನವೂ ತಪ್ಪಬಾರದು. ಸೂಜಿ ಕೆಲಸ ಇನ್ನು ಆಗುವ ಮಾತಲ್ಲ. ಆಮೇಲೆ ಅವರು ಒಂದು ಸರ್ಟಿಫಿಕೇಟು ಬರೆದು, "ಇದನ್ನ ತಗೊಂಡು ಹೋಗಿ ಸಹಾಯಧನಕ್ಕೆ ಅರ್ಜಿ ಹಾಕಿ. ಪ್ರತಿ ತಿಂಗಳು ಬರುತ್ತೆ. ಯಾರೂ ನಿಮಗೆ ದಾನ ಮಾಡ್ತಿಲ್ಲ, ನಿಮ್ಮ ಹಕ್ಕು ಅದು" ಎಂದರು.

ಹಕ್ಕು ಎನ್ನುವ ಆ ಕಾಗದವನ್ನು ಅವಳು ನಾಲ್ಕಾಗಿ ಮಡಿಸಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು. ನಾಲ್ಕು ತಿಂಗಳು ತೆಗೆಯಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ದೊಡ್ಡವರು ಹೇಳುತ್ತಾರೆ. ಹಾಸಿಗೆಯೇ ದಿನದಿನಕ್ಕೆ ಚಿಕ್ಕದಾಗುತ್ತ ಹೋದರೆ ಏನು ಮಾಡಬೇಕೆಂದು ಅವರು ಹೇಳಿಲ್ಲ. ಇವಳು ಕಾಲು ಮಡಿಸಿ ಮಡಿಸಿ ಮೊಣಕಾಲು ಎದೆಗೆ ತಾಗುವವರೆಗೂ ಬಂದಳು. ಹಾಲು ಬಿಟ್ಟಳು, ಒಂದು ಹೊತ್ತಿನ ಊಟ ಬಿಟ್ಟಳು. ಹನಿ ಮಾತ್ರ ಬಿಡಲಿಲ್ಲ.

ಅವಳ ಕೋಣೆ ಒಂದು ಹಳೆಯ ಕಟ್ಟಡದ ಮೇಲ್ಮಹಡಿಯಲ್ಲಿತ್ತು. ಬಾಗಿಲಿಂದ ಒಲೆಗೆ ನಾಲ್ಕು ಹೆಜ್ಜೆ, ಒಲೆಯಿಂದ ಕಿಟಕಿಗೆ ಮೂರು, ಕಿಟಕಿಯ ಬಲಕ್ಕೆ ಮಂಚ, ಮಂಚದ ತಲೆದೆಸೆಯ ಗೂಡಿನಲ್ಲಿ ಹನಿ ಬಾಟಲಿ. ಇಪ್ಪತ್ತಾರು ವರ್ಷ ಒಂದು ವಸ್ತುವೂ ಜಾಗ ಬದಲಿಸಿರಲಿಲ್ಲ. ಹಾಗಾಗಿ ಆ ಕೋಣೆಯೊಳಗೆ ಅವಳು ಕುರುಡಿಯಲ್ಲ. ಹೊಸಿಲು ದಾಟಿದರೆ ಮಾತ್ರ ಲೋಕವೆಲ್ಲ ಒಂದು ಕೊಳವೆಯ ತುದಿಯಲ್ಲಿ ಮಂಜು ಕವಿದ ಹಾಗೆ ಕಾಣುತ್ತಿತ್ತು. ಬಾಡಿಗೆ ಕಟ್ಟಲಾಗದೆ ಈ ಕೋಣೆ ಕೈಬಿಟ್ಟರೆ ತನ್ನ ಉಳಿದ ಕಣ್ಣೂ ಹೋಗುತ್ತದೆ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಕೋಣೆಯಲ್ಲಿ ಮಾತಿರಲಿಲ್ಲ. ಮೆಟ್ಟಿಲ ಕೆಳಗಿದ್ದಾಗ ಕಡೇಪಕ್ಷ ಮೇಲೆ ಹತ್ತಿ ಇಳಿಯುವವರ ಕಾಲ ಸದ್ದಾದರೂ ಇತ್ತು. ಈಗ ಬೆಳಗಿನಿಂದ ಸಂಜೆವರೆಗೆ ರೇಡಿಯೋ ಹಾಕಿರುತ್ತಿದ್ದಳು, ಕೇಳುವುದಕ್ಕಲ್ಲ, ಯಾರೋ ಮಾತಾಡುತ್ತಿರಲಿ ಎಂದು. ಒಂದು ಗುರುವಾರ ಲೆಕ್ಕ ಹಾಕಿ ನೋಡಿದರೆ, ಸೋಮವಾರದಿಂದ ತನ್ನ ಬಾಯಿಂದ ಹೊರಟದ್ದು ಎರಡೇ ಶಬ್ದ: ಹಾಲಿನವನಿಗೆ ಹೇಳಿದ "ಇವತ್ತೂ ಬೇಡ". ಭಾನುವಾರ ಹತ್ತಕ್ಕೆ ತಮ್ಮ ಫೋನು ಮಾಡುತ್ತಿದ್ದ. "ಹೇಗಿದ್ದೀಯಕ್ಕ?" "ಚೆನ್ನಾಗಿದ್ದೀನಿ ಕಣೋ." ಮೂರು ನಿಮಿಷ. ಕಣ್ಣಿನ ವಿಷಯ ಕೇಳಿದರೆ "ಸ್ವಲ್ಪ ಮಬ್ಬು, ವಯಸ್ಸಾಯ್ತಲ್ಲ" ಎನ್ನುತ್ತಿದ್ದಳು. ಆ ಮೂರು ನಿಮಿಷಕ್ಕಾಗಿ ಅವಳು ಬೆಳಿಗ್ಗೆ ಎಂಟಕ್ಕೇ ತಲೆ ಬಾಚಿಕೊಂಡು ಕೂರುತ್ತಿದ್ದಳು.

ಮೂರು ವರ್ಷದ ಹಿಂದೆ ಜ್ವರ ಬಂದಾಗ ತಮ್ಮ ತನ್ನ ಮನೆಗೆ ಕರೆದೊಯ್ದಿದ್ದ. ಹನ್ನೊಂದು ದಿನ ಇದ್ದಳು. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಒಳ್ಳೆಯ ಮಾತಾಡಲೂ ಯಾರಿಗೂ ಪುರಸೊತ್ತಿರಲಿಲ್ಲ. ಒಂದು ಸಂಜೆ ಬಂದ ನೆಂಟರಿಗೆ ತಮ್ಮ ಅವಳನ್ನು ತೋರಿಸಿ, "ನಮ್ಮಕ್ಕ. ಮಹಾ ಸ್ವಾಭಿಮಾನಿ. ಇವತ್ತಿನವರೆಗೆ ಒಬ್ಬರ ಮುಂದೆ ಕೈ ಚಾಚಿದವಳಲ್ಲ" ಎಂದ. ಅವಳು ಹಿಗ್ಗಿ ಹೀರೇಕಾಯಿಯಾದಳು. ಹೊರಡುವಾಗ ಅವನು "ಇನ್ಮೇಲೆ ಬಾಡಿಗೆ ನಾನು ಕಳಿಸ್ತೀನಿ" ಎಂದಿದ್ದ. ಎರಡು ತಿಂಗಳು ಬಂತು, ಮೂರನೆಯ ತಿಂಗಳು ಅವನಿಗೆ ಮರೆತುಹೋಯಿತು. ಅವಳು ನೆನಪಿಸಲಿಲ್ಲ. ನೆನಪಿಸುವುದೂ ಕೇಳುವುದೂ ಒಂದೇ ತಾನೆ? ಅಷ್ಟು ಹೊಗಳಿಸಿಕೊಂಡ ಮೇಲೆ ಯಾವ ಬಾಯಿಂದ ಕೇಳುವುದು?

ಕೆಳಮನೆಯಲ್ಲಿದ್ದವಳು ಬಸ್ ಡಿಪೋದಲ್ಲಿ ಬಸ್ಸು ತೊಳೆಯುವ ಹೆಂಗಸು. ಬಾಯಿ ಜೋರು, ಕರುಳು ಮೆತ್ತಗೆ. ಒಂದು ಮಧ್ಯಾಹ್ನ ಉಪ್ಪು ಕೇಳಲು ಮೇಲೆ ಬಂದವಳು, ಅಕ್ಕ ಸೂಜಿಗೆ ದಾರ ಪೋಣಿಸಲು ಒದ್ದಾಡುವುದನ್ನು ಬಾಗಿಲಲ್ಲೇ ನಿಂತು ನೋಡಿದಳು. ದಾರ ಸೂಜಿಯಿಂದ ಅರ್ಧ ಬೆರಳು ಆಚೆ ಹೋಗುತ್ತಿತ್ತು, ಮತ್ತೆ ಮತ್ತೆ. ಅವಳಿಗೆ ತಡೆಯಲಾಗಲಿಲ್ಲ.

"ಅಕ್ಕ, ಆಸ್ಪತ್ರೆಯಿಂದ ಬಂದ ದಿನ ಹೇಳಿದ್ರಲ್ಲ, ಆ ಡಾಕ್ಟರ ಕಾಗದ ಎಲ್ಲಿ? ತೆಗೀರಿ ಹೊರಗೆ."

"ಬೇಡ ಕಣೇ. ದುಡೀದೆ ತಿನ್ನೋದು ನನಗೆ ಆಗಲ್ಲ."

"ನಲವತ್ತು ವರ್ಷ ದುಡಿದದ್ದು ದುಡಿಮೆ ಅಲ್ವಾ? ಸೂಜಿ ಕೊಂಡ್ರಲ್ಲ, ದಾರ ಕೊಂಡ್ರಲ್ಲ, ಸೋಪು ಕೊಂಡ್ರಲ್ಲ, ಎಲ್ಲದರಲ್ಲೂ ಸರ್ಕಾರ ಅದರ ಪಾಲು ಇಸ್ಕೊಂಡಿದೆ. ಆಗ ಅದು ನಾಚ್ಕೊಂಡಿತಾ? ಈಗ ನೀವ್ಯಾಕೆ ನಾಚ್ಕೋಬೇಕು? ಅಳದಿದ್ರೆ ಹೆತ್ತಮ್ಮನೂ ಹಾಲು ಕೊಡಲ್ಲ, ಗೊತ್ತಾ!"

ಮರುದಿನ ಅವಳೇ ಕೈ ಹಿಡಿದು ಕಚೇರಿಗೆ ಎಳೆದುಕೊಂಡು ಹೋದಳು. ಎರಡು ಗಂಟೆ ಸಾಲು ನಿಂತರು. ಅರ್ಜಿ ಒಳಗೆ ಹೋಯಿತು. ಕಿಟಕಿಯ ಹಿಂದಿದ್ದ ಗುಮಾಸ್ತರು, ಬರುವ ಮಂಗಳವಾರ ಮನೆ ತನಿಖೆಗೆ ಒಬ್ಬರು ಬರುತ್ತಾರೆ, ಬೆಳಿಗ್ಗೆ ಮನೆಯಲ್ಲೇ ಇರಿ ಎಂದರು.

ಇಲ್ಲಿಂದ ಮುಂದೆ ರಫೂ ಅಕ್ಕ ಮಾಡಿದ್ದನ್ನು ಕೇಳಿದರೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯುವುದಿಲ್ಲ. ಅವಳ ತಲೆಯಲ್ಲಿ ಉಳಿದದ್ದು ಒಂದೇ: ಮನೆಗೆ ಯಾರೋ ಬರುತ್ತಾರೆ. ಎಷ್ಟು ವರ್ಷವಾಗಿತ್ತೋ ಆ ಕೋಣೆಗೆ ಯಾರಾದರೂ ಹೇಳಿ ಬಂದು! ಭಾನುವಾರ ಇಡೀ ದಿನ ನೆಲ ಉಜ್ಜಿದಳು. ಸೋಮವಾರ ಕಿಟಕಿಯ ಹರಕು ಪರದೆಯನ್ನು ಇಳಿಸಿ, ಕಣ್ಣಿನಲ್ಲಲ್ಲ, ಬೆರಳ ತುದಿಯಲ್ಲಿ ಎಳೆ ಎಣಿಸುತ್ತ ರಫೂ ಮಾಡಿದಳು. ಬೆರಳಿಗೆ ಎಷ್ಟು ಸಲ ಚುಚ್ಚಿತೋ, ಪರದೆ ಮಾತ್ರ ಹೊಸದರಂತಾಯಿತು. ಕೆಳಮನೆಗೆ ಇಳಿದು ಎರಡು ಕುರ್ಚಿ, ಹೂವಿನ ಚಿತ್ರದ ಕಪ್ಪು-ಸಾಸರು ಕೇಳಿದಳು.

ಕೆಳಮನೆಯವಳು ಕುರ್ಚಿ ಹೊತ್ತು ಮೇಲೆ ಬಂದು ಸುತ್ತ ನೋಡಿ, ಹಣೆ ಹಣೆ ಬಡಿದುಕೊಂಡಳು. "ಅಯ್ಯೋ ನನ್ನ ಕರ್ಮವೇ! ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋದು ನಿಮ್ಮನ್ನ ನೋಡೇ ಹೇಳಿರಬೇಕು. ಅವರು ಬರೋದು ನಿಮ್ಮ ಕಷ್ಟ ನೋಡೋಕೆ ಅಕ್ಕ, ಹೆಣ್ಣು ನೋಡೋಕಲ್ಲ!"

"ಬಡವಿ ಅಂದ ಮಾತ್ರಕ್ಕೆ ಕೊಳಕಿ ಆಗಿರಬೇಕಾ?" ಅಕ್ಕನಿಗೆ ಸಿಟ್ಟು ಬಂತು. "ಬಂದವರನ್ನ ನೆಲದ ಮೇಲೆ ಕೂರಿಸಲಾ?"

"ಕೂರಿಸಿ! ಎಡವಿ ಬಿದ್ದು ತೋರಿಸಿ!"

"ನಾಳೆ ನಿನಗೆ ಡಿಪೋ ಇದೆ, ನೀನು ಹೋಗು" ಎಂದು ಅವಳನ್ನು ಕಳಿಸಿಬಿಟ್ಟಳು.

ಮಂಗಳವಾರ ಬಂದವಳು ಚಿಕ್ಕ ವಯಸ್ಸಿನ ಅಧಿಕಾರಿಣಿ. ಬೆವರಿದ ಮುಖ, ಹೆಗಲಲ್ಲಿ ಫೈಲು ತುಂಬಿದ ಚೀಲ. ಅಂದು ಅವಳು ನೋಡಬೇಕಾಗಿದ್ದ ಒಂಬತ್ತು ಮನೆಗಳಲ್ಲಿ ಇದು ನಾಲ್ಕನೆಯದು. ಹಿಂದಿನ ಮೂರರಲ್ಲಿ ಒಬ್ಬರೂ ಕೂರಿ ಎಂದಿರಲಿಲ್ಲ. ಇಲ್ಲಿ ಕುರ್ಚಿ, ಫ್ಯಾನಿನ ಗಾಳಿ, ಬಿಸ್ಕತ್ತು. ಅಕ್ಕ ಬಾಗಿಲಿಂದ ಒಲೆಗೆ ನಾಲ್ಕು ಹೆಜ್ಜೆ ಇಟ್ಟು, ಒಂದು ತೊಟ್ಟೂ ಚೆಲ್ಲದೆ ಚಹಾ ಬಗ್ಗಿಸಿ, ಸರಿಯಾಗಿ ಎದುರಿಗೆ ಕೂತು, ಅವಳ ಮುಖವನ್ನೇ ನೋಡುತ್ತ ನಕ್ಕಳು. ನೇರಕ್ಕೆ ಅಷ್ಟಿಷ್ಟು ಕಾಣುತ್ತಿತ್ತು. ಆಚೀಚೆ ಕತ್ತಲೆ ಇರುವುದು ಎದುರು ಕೂತವರಿಗೆ ಹೇಗೆ ಗೊತ್ತಾಗಬೇಕು?

"ಓಡಾಡೋಕೆ ತೊಂದರೆ ಇದೆಯಾ ಅಮ್ಮ?"

"ಏನೂ ಇಲ್ಲಮ್ಮ, ನಡೀತಾ ಇದೆ."

"ಊಟಕ್ಕೆಲ್ಲ?"

"ಆಯ್ತಲ್ಲ! ನಿಮ್ಮದಾಯ್ತಾ? ಇನ್ನೊಂದು ಬಿಸ್ಕತ್ತು ತಗೊಳ್ಳಿ."

ಅಧಿಕಾರಿಣಿ ನಕ್ಕು ಏನೋ ಗೀಚಿಕೊಂಡಳು. ಗೋಡೆಯ ಮೇಲಿನ ಪತ್ರಿಕೆಯ ತುಂಡಿನ ಹತ್ತಿರ ಹೋಗಿ, "ಇವರು ಯಾರು?" ಎಂದಳು.

ಇದೊಂದು ಪ್ರಶ್ನೆ ಕೇಳಬಾರದಿತ್ತು. ಅಕ್ಕನ ಬೆನ್ನು ನೆಟ್ಟಗಾಯಿತು. "ನನ್ನ ತಮ್ಮ! ಬಣ್ಣದ ಕಾರ್ಖಾನೆಯಲ್ಲಿ ದೊಡ್ಡ ಅಧಿಕಾರಿ. ಎಷ್ಟು ದೊಡ್ಡವನಾದ್ರೂ ಅಕ್ಕ ಅಂದ್ರೆ ಪ್ರಾಣ. ಬಾಡಿಗೆ ಗೀಡಿಗೆ ಎಲ್ಲ ಅವನೇ ನೋಡ್ಕೋತಾನೆ, ಏನು ಬೇಕಾದ್ರೂ ಕೊಡ್ತಾನೆ."

ಹೇಳಿದ ಮರುಕ್ಷಣವೇ ಅವಳಿಗೆ ತಪ್ಪಾಯಿತು ಎನ್ನಿಸಿತು. ಆದರೆ ಆಡಿದ ಮಾತನ್ನು ಹೇಗೆ ವಾಪಸ್ ತೆಗೆದುಕೊಳ್ಳುವುದು, ಅದೂ ಮನೆಗೆ ಬಂದವರ ಎದುರು, ಅದೂ ತಮ್ಮನ ವಿಷಯದಲ್ಲಿ? ಬಂದವಳು ಹೊರಡುವಾಗ ಅಕ್ಕನ ಕೈ ಹಿಡಿದು, "ನಿಮ್ಮನೆ ತುಂಬ ಚೆನ್ನಾಗಿದೆ ಅಮ್ಮ" ಎಂದಳು. ಆ ಮಾತಿನಿಂದ ಅಕ್ಕನಿಗೆ ಎರಡು ದಿನ ಹೊಟ್ಟೆ ತುಂಬಿತ್ತು.

ಮೂರು ವಾರಕ್ಕೆ ಕಾಗದ ಬಂತು. ಕೆಳಮನೆಯವಳು ಓದಿದಳು, ನಿಧಾನವಾಗಿ, ಒಂದೊಂದೇ ಸಾಲು. ಅರ್ಜಿದಾರರ ವಾಸದ ಕೋಣೆ ಸುಸ್ಥಿತಿಯಲ್ಲಿದೆ. ಅರ್ಜಿದಾರರು ಯಾರ ನೆರವೂ ಇಲ್ಲದೆ ಓಡಾಡುತ್ತಾರೆ. ಅನುಕೂಲಸ್ಥ ಸಹೋದರರಿಂದ ನಿಯಮಿತ ಸಹಾಯವಿದೆಯೆಂದು ತಾವೇ ತಿಳಿಸಿರುತ್ತಾರೆ. ಅರ್ಜಿಯನ್ನು ತಿರಸ್ಕರಿಸಲಾಗಿದೆ. ಒಪ್ಪದಿದ್ದಲ್ಲಿ ಮೂವತ್ತು ದಿನದೊಳಗೆ ಸಹೋದರರೊಂದಿಗೆ ಖುದ್ದು ಹಾಜರಾಗಿ, ಅವರು ಸಹಾಯ ಮಾಡುತ್ತಿಲ್ಲವೆಂಬ ಹೇಳಿಕೆಗೆ ಅವರ ಸಹಿ ಮಾಡಿಸಬೇಕು.

ಕೆಳಮನೆಯವಳು ಬೈಯಲಿಲ್ಲ. ಅದರಿಂದಲೇ ಅಕ್ಕನಿಗೆ ಹೆಚ್ಚು ಭಯವಾಯಿತು. "ಮನೆ ಮಾಲೀಕರು ನಿಮ್ಮ ಬಾಡಿಗೆ ಬಾಕಿ ನನ್ನತ್ರಾನೂ ಕೇಳಿದ್ರು ಅಕ್ಕ, ಈ ತಿಂಗಳ ಕೊನೆವರೆಗೆ ನೋಡ್ತಾರಂತೆ" ಎಂದಷ್ಟೇ ಹೇಳಿ ಕಾಗದವನ್ನು ಅವಳ ಕೈಯಲ್ಲಿಟ್ಟು ಇಳಿದುಹೋದಳು.

ಅಕ್ಕ ಬುಧವಾರ ತಮ್ಮನಿಗೆ ಫೋನು ಮಾಡಿದಳು. ತಾನಾಗಿ ಅವಳು ಮಾಡಿದ್ದು ಅದೇ ಮೊದಲು. ಯಾರೋ ಸತ್ತಿರಬೇಕೆಂದು ಅವನು ಗಾಬರಿಯಾದ. ಸಂಜೆಯೇ ಕಾರು ತೆಗೆದುಕೊಂಡು ಬಂದ. ಕಾಗದ ಓದಿ ಮಡಿಸಿಟ್ಟ.

"ಅರ್ಜಿ ಹಾಕೋ ಮುಂಚೆ ನನಗೊಂದು ಮಾತು ಹೇಳಬಾರದಾಗಿತ್ತಾ ಅಕ್ಕ? ನನ್ನಕ್ಕ ಸರ್ಕಾರದ ಬಾಗಿಲಲ್ಲಿ ಸಾಲು ನಿಂತಳು ಅಂದ್ರೆ ನಾನು ಜನರ ಮುಖ ಹೇಗೆ ನೋಡ್ಲಿ? ಸುಮ್ಮನೆ ಬಂದದ್ದು ತಿಂದ್ರೆ ಮನುಷ್ಯ ಕೆಡ್ತಾನೆ. ನಾನೇ ಎಲ್ಲರಿಗೂ ಹೇಳೋ ಮಾತು ಇದು."

"ಗೊತ್ತು ಕಣೋ. ಅಂಟಿಸಿದ್ದೀನಲ್ಲ ಗೋಡೆಗೆ."

"ನಮ್ಮನೆಗೆ ಬಂದುಬಿಡು. ಕೆಳಗಿನ ಕೋಣೆ ಖಾಲಿ ಇದೆ."

"ಅಲ್ಲಿ ನನಗೆ ಕಣ್ಣು ಕಾಣಲ್ಲ."

"ಇಲ್ಲಿ ಮಾತ್ರ ಕಾಣುತ್ತಾ?"

"ಇಲ್ಲಿ ನೋಡೋದೇ ಬೇಕಾಗಲ್ಲ ಕಣೋ."

ಅವನಿಗೆ ಅರ್ಥವಾಗಲಿಲ್ಲ. ಕೆಟ್ಟವನಲ್ಲ ಅವನು, ಹೊರಡುವಾಗ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡದ್ದೂ ಉಂಟು, ಅವಳಿಗದು ಕಾಣಲಿಲ್ಲ ಅಷ್ಟೆ. "ಆಯ್ತು, ಕಚೇರಿಗೆ ಬರ್ತೀನಿ. ಬಂದು ನಾನೇ ಮಾತಾಡ್ತೀನಿ" ಎಂದು ಹೋದ. ಏನು ಮಾತಾಡುತ್ತಾನೆ ಎಂದು ಅವಳು ಕೇಳಲಿಲ್ಲ.

ವಿಚಾರಣೆ ಎರಡನೆಯ ಮಹಡಿಯ ದೊಡ್ಡ ಕೋಣೆಯಲ್ಲಿ. ಬೆಂಚುಗಳ ತುಂಬ ಜನ, ಎಲ್ಲರ ಎದುರೇ ಎಲ್ಲರ ಕಷ್ಟ. ಮೇಜಿನ ಹಿಂದೆ ಕೂತಿದ್ದ ಅಧಿಕಾರಿಗೆ ನೆಗಡಿಯಾಗಿತ್ತು. ಎರಡು ಮಾತಿಗೊಮ್ಮೆ ಮೂಗೊರೆಸಿಕೊಳ್ಳುತ್ತಿದ್ದರು. ಅಕ್ಕನನ್ನು ಕರೆದಾಗ ತಮ್ಮ ಅವಳ ತೋಳು ಹಿಡಿದು ಮುಂದಕ್ಕೆ ತಂದು ನಿಲ್ಲಿಸಿ, ಅವಳು ಬಾಯಿ ತೆರೆಯುವ ಮೊದಲೇ ಶುರು ಮಾಡಿದ.

"ಸಾರ್, ಇದೆಲ್ಲ ಏನೂ ಬೇಕಾಗಿಲ್ಲ. ನಮ್ಮಕ್ಕನ ಜವಾಬ್ದಾರಿ ನನ್ನದು. ನಾವು ಕಷ್ಟಪಟ್ಟು ಮೇಲೆ ಬಂದವರು, ಬೇಡಿ ತಿಂದವರಲ್ಲ. ಈ ದುಡ್ಡು ನಿಜವಾಗಿ ಗತಿಯಿಲ್ಲದವರಿಗೆ ಹೋಗಲಿ. ಇವಳನ್ನ ನಾನು ಮನೆಗೆ ಕರ್ಕೊಂಡು ಹೋಗ್ತೀನಿ."

ಬೆಂಚಿನ ಮೇಲೆ ಯಾರೋ "ಇದ್ದರೆ ಇಂಥ ತಮ್ಮ ಇರಬೇಕು" ಎಂದರು. ಅಧಿಕಾರಿಗೂ ಸಮಾಧಾನವಾಯಿತು, ಒಂದು ಫೈಲು ಕಡಿಮೆಯಾದರೆ ಯಾರಿಗೆ ಬೇಡ? ಪೆನ್ನು ತೆರೆದು, ಕೇಳಬೇಕಲ್ಲ ಎಂದು ಕೇಳಿದರು: "ಏನಮ್ಮ, ಈಗ ಇವರು ನಿಮಗೆ ತಿಂಗಳು ತಿಂಗಳು ಕೊಡ್ತಾ ಇದ್ದಾರೆ ತಾನೆ?"

ಅಕ್ಕನ ಬಾಯಿಗೆ ಉತ್ತರ ರೂಢಿಯಾಗಿ ಬಂದೇಬಿಟ್ಟಿತ್ತು. ಹೂಂ ಎಂದರೆ ಮುಗಿಯಿತು. ತಮ್ಮ ಒಳ್ಳೆಯವನಾಗಿ ಉಳಿಯುತ್ತಾನೆ, ಬೆಂಚಿನವರು ತಲೆದೂಗುತ್ತಾರೆ, ಅವಳು ಅವನ ಕಾರಿನಲ್ಲಿ ಕೂತು, ಗೋಡೆ ಎಲ್ಲಿ ಬಾಗಿಲು ಎಲ್ಲಿ ಎಂದು ತಡಕಾಡುವ ಒಂದು ಕೋಣೆಗೆ ಹೋಗುತ್ತಾಳೆ. ಅಲ್ಲಿ ಯಾರೂ ಕೆಟ್ಟ ಮಾತಾಡುವುದಿಲ್ಲ.  

"ಕೊಡ್ತಾ ಇಲ್ಲ ಸಾರ್."

"ಅಕ್ಕಾ..."

"ಅವನು ಒಳ್ಳೆಯವನೇ ಸಾರ್. ಕೊಡಬೇಕು ಅಂತ ಮನಸ್ಸಿದೆ. ಮರೆತುಹೋಗುತ್ತೆ. ಮೂರು ವರ್ಷದಿಂದ ಮರೆತಿದ್ದಾನೆ."

 ಅಧಿಕಾರಿ ಪೆನ್ನು ಕೆಳಗಿಟ್ಟರು. "ಮತ್ತೆ ಮನೆ ತನಿಖೆಗೆ ಬಂದಾಗ ಎಲ್ಲ ಕೊಡ್ತಾನೆ ಅಂದಿದ್ದೀರಿ?"

"ಮನೆಗೆ ಬಂದವರ ಮುಂದೆ ತಮ್ಮನನ್ನ ಹೇಗೆ ಸಾರ್ ಬಿಟ್ಟುಕೊಡೋದು?"

ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ. "ಕಣ್ಣು ಎಷ್ಟು ಕಾಣುತ್ತೆ? ನಿಜ ಹೇಳಿ."

"ನೀವು ಕಾಣ್ತೀರ, ಮಂಜು ಮಂಜಾಗಿ. ನಗ್ತಾ ಇರೋರು ಎಲ್ಲಿದ್ದಾರೆ ಗೊತ್ತಿಲ್ಲ. ನನ್ನ ತಮ್ಮ ನನ್ನ ಯಾವ ಪಕ್ಕದಲ್ಲಿ ನಿಂತಿದ್ದಾನೆ ಅಂತಾನೂ ಗೊತ್ತಾಗ್ತಿಲ್ಲ ಸಾರ್. ಎರಡು ಹೊತ್ತು ಹನಿ ಬಿಡಬೇಕು, ಬಾಡಿಗೆ ಕಟ್ಟಬೇಕು. ಕೋಣೆ ಒಂದಿದ್ರೆ ಉಳಿದದ್ದು ನಾನು ನೋಡ್ಕೋತೀನಿ. ಅಡುಗೆ ಮಾಡ್ಕೋತೀನಿ, ನೀರು ತರ್ತೀನಿ, ಯಾರಿಗೂ ಭಾರ ಆಗಲ್ಲ. ಕೋಣೆ ಒಂದು ಉಳಿಸಿಕೊಡಿ."

ಅದನ್ನು ಹೇಳುವಾಗ ಅವಳಿಗೆ ನಾಚಿಕೆಯಾಯಿತು, ನಿಜ. ಆದರೆ ನಾಚಿಕೆಯಿಂದ ಯಾರೂ ಸಾಯುವುದಿಲ್ಲ ಎನ್ನುವುದು ಐವತ್ತೇಳು ವರ್ಷದಲ್ಲಿ ಅವಳಿಗೆ ಆಗ ತಿಳಿಯಿತು.

ಅಧಿಕಾರಿ ಹೇಳಿಕೆಯ ಹಾಳೆಯನ್ನು ಮುಂದೆ ತಳ್ಳಿ, ಗಟ್ಟಿಯಾಗಿ ಓದಿದರು, ನಿಯಮ ಹಾಗಿತ್ತು. "ನಾನು ನನ್ನ ಅಕ್ಕನಿಗೆ ಯಾವ ಸಹಾಯವನ್ನೂ ಮಾಡುತ್ತಿಲ್ಲ. ಇದು ಸತ್ಯ." ಇಷ್ಟೇ ಸಾಲು. ಭಾಷಣಕ್ಕೆ ಹೋದಲ್ಲೆಲ್ಲ ನೂರಾರು ಜನರಿಗೆ ಬುದ್ಧಿ ಹೇಳಿದವನಿಗೆ ಅದರ ಕೆಳಗೆ ಹೆಸರು ಬರೆಯಲು ತುಂಬ ಹೊತ್ತು ಹಿಡಿಯಿತು. ಅಕ್ಕ ಪೆನ್ನಿನ ಸದ್ದನ್ನು ಕೇಳುತ್ತ ನಿಂತಿದ್ದಳು. ನಡುವೆ ಒಮ್ಮೆ ಅದು ನಿಂತಿತು.  ಬೇಡ ಬಿಡೋ ಎಂದು ಹೇಳಿಬಿಡುತ್ತಿದ್ದಳೇನೋ. ಅಷ್ಟರಲ್ಲಿ ಪೆನ್ನು ಮತ್ತೆ ಹೊರಟು, ಕೊನೆಯ ಗೆರೆ ಎಳೆದು ಮುಗಿಸಿತು.

"ಮಂಜೂರಾಯ್ತು ಅಮ್ಮ. ಬರೋ ತಿಂಗಳಿಂದ ಬರುತ್ತೆ. ಹಿಂದಿನ ಎರಡು ತಿಂಗಳದ್ದೂ ಸೇರಿಸಿ ಕೊಡ್ತಾರೆ" ಎಂದರು ಅಧಿಕಾರಿ. ಅವಳ ಹೆಬ್ಬೆರಳು ಹಿಡಿದು ಒಂದು ಕಾಗದದ ಮೇಲೆ ಒತ್ತಿಸಿದರು. ಅವಳು ಸಹಿ ಮಾಡಬಲ್ಲವಳು, ಆದರೆ ಗೆರೆ ಕಾಣದಿದ್ದರೆ ಸಹಿ ಎಲ್ಲಿಗೆ ಹಾಕುವುದು?

ಗೋಡೆ ಹಿಡಿದುಕೊಂಡು ಅವಳು ಹೊರಗಿನ ಮೊಗಸಾಲೆಗೆ ಬಂದಳು. ಜನ ಹಾಯುತ್ತಿದ್ದರು. ಬಲಕ್ಕೆ ತಿರುಗಿ ನೋಡಿದಳು, ಎಡಕ್ಕೆ ತಿರುಗಿ ನೋಡಿದಳು. ಅವನು ಅಲ್ಲೇ ಎಲ್ಲೋ ನಿಂತಿರಬಹುದು, ಸಿಟ್ಟಿನಲ್ಲಿ ಮಾತಾಡದೆ ಇರಬಹುದು. ಚಿಕ್ಕಂದಿನಲ್ಲೂ ಹಾಗೇ ಮಾಡುತ್ತಿದ್ದ, ಬಾಗಿಲ ಹಿಂದೆ ನಿಂತು.

"ಇದ್ದೀಯೇನೋ?" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಬೇಜಾರಾಯ್ತೇನೋ?"

"ಯಾರನ್ನ ಕೇಳ್ತಿದ್ದೀರಮ್ಮ?" ಎಂದ ಬಾಗಿಲ ಬ‍ಳಿಯ ಜವಾನ. "ನಿಮ್ಮ ಜೊತೆ ಬಂದಿದ್ರಲ್ಲ, ಅವರು ಆಗಲೇ ಇಳಿದು ಹೋದ್ರು."

"ಹೌದಾ." ಅವಳು ತಲೆಯಾಡಿಸಿದಳು. "ಇಲ್ಲಿ ಎಷ್ಟು ಮೆಟ್ಟಿಲಿವೆಯಪ್ಪ?"

"ಹನ್ನೆರಡು, ಆಮೇಲೆ ತಿರುವು, ಮತ್ತೆ ಹನ್ನೆರಡು. ಕೆಳಗಿನ ಮಹಡಿಗೂ ಅಷ್ಟೇ."

ಅವಳು ಕಂಬಿ ಹಿಡಿದು ಎಣಿಸುತ್ತ ಇಳಿದಳು. ಪ್ರತಿ ತಿರುವಿನಲ್ಲೂ ಒಂದು ಗಳಿಗೆ ನಿಂತಳು, ಯಾರಾದರೂ ಅಕ್ಕಾ ಎನ್ನಬಹುದೆಂದು. ನಲವತ್ತೆಂಟನೆಯ ಮೆಟ್ಟಿಲು ಮುಗಿದು ಕಾಲಿಗೆ ಸಮನೆಲ ಸಿಕ್ಕಿತು. ಹೊರಗೆ ಬೀದಿಯ ಸದ್ದಿತ್ತು. ಅಲ್ಲಿಯೂ ಸ್ವಲ್ಪ ಹೊತ್ತು ಕಾದು, ಮನೆ ಕಡೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಪಕ್ಕದಲ್ಲಿ ನಿಂತವರನ್ನು ಕೇಳಿದಳು.